ಕೆನ್ನಾಯಿ: ಮರಿಪಾಲನೆ ಮತ್ತು ಆಹಾರ ವರ್ತನೆಯ ವೀಕ್ಷಣೆ

ಕೆನ್ನಾಯಿ (ಸೀಳುನಾಯಿ, ಕಾಡುನಾಯಿ) ಹಿಂಡು ಕಟ್ಟಿಕೊಂಡು ಬಾಳುವ, ಹೆಚ್ಚಾಗಿ ಹಗಲಿನಲ್ಲಿ ಬೇಟೆಯಾಡುವ ಮಾಂಸಾಹಾರಿ. ಹುಲಿ, ಚಿರತೆಗಳ ಪಕ್ಕದಲ್ಲಿ ಇದು ಚಿಕ್ಕ ಪ್ರಾಣಿ. ಬೆಳೆದದ್ದರ ತೂಕ ಸಾಮಾನ್ಯವಾಗಿ 12ರಿಂದ 20 ಕಿಲೋ. ಇದು ಮರಿಗಳನ್ನು ಸಾಕುವ ರೀತಿ, ಬೇಟೆಯನ್ನು ಹಂಚಿಕೊಂಡು ತಿನ್ನುವ ರೀತಿಗಳನ್ನು ಭಾರತದ ಕಾಡಿನಲ್ಲಿ ಕಣ್ಣಾರೆ ಕಂಡು ದಾಖಲಿಸಿದ ಆರಂಭದ ಮುಖ್ಯ ಕೆಲಸ ನಡೆದದ್ದು ಬಂಡೀಪುರ, ನಾಗರಹೊಳೆ ಮತ್ತು ಅವುಗಳಿಗೆ ಹೊಂದಿಕೊಂಡ ತಮಿಳುನಾಡಿನ ಮುದುಮಲೆಯಲ್ಲಿ.

ದಖ್ಖನಿನ ಕೆನ್ನಾಯಿಯನ್ನು ಡಬ್ಲ್ಯು. ಎಚ್. ಸೈಕ್ಸ್ 1831ರಲ್ಲಿ ವಿವರಿಸಿದ. ಕೆಳದವಡೆಯಲ್ಲಿ ಉಳಿದ ನಾಯಿಗಳಿಗಿಂತ ಹಿಂಬದಿಯ ಒಂದೊಂದು ಹಲ್ಲು ಕಡಿಮೆ ಇರುವುದರಿಂದ ಇದನ್ನು ಮುಂದೆ ಬೇರೆ ಕುಲಕ್ಕೆ ಸೇರಿಸಲಾಯಿತು. ಆದರೆ ನಂತರದ ನೂರು ವರ್ಷಗಳಿಗೂ ಮಿಕ್ಕಿ ಇದರ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಬೇಟೆಗಾರರು. ಅವರು ಕಂಡದ್ದು ಜಿಂಕೆಯೊಂದು ನೆಲಕ್ಕೆ ಬೀಳುವ ಗಳಿಗೆಯನ್ನು ಮಾತ್ರ. ಕೆನ್ನಾಯಿ ಒಂದೇ ಕಡಿತಕ್ಕೆ ಕೊಲ್ಲಲಾರದು. ಹಲವು ನಾಯಿಗಳು ಸೇರಿ ಹೊಟ್ಟೆ ಬಗೆದು, ಕೆಲವೊಮ್ಮೆ ಜೀವ ಹೋಗುವ ಮುನ್ನವೇ ತಿನ್ನತೊಡಗುತ್ತವೆ. ಇದನ್ನು ಕಂಡವರು ಕ್ರೂರ ಮೃಗವೆಂದು ಬರೆದರು, ಅದು ಬೇಟೆಪ್ರಾಣಿಗಳನ್ನು ಮುಗಿಸಿಬಿಡುತ್ತದೆ ಎಂದು ದೂರಿದರು. ಕೊಂದವರಿಗೆ ಇನಾಮು ಸಿಗುತ್ತಿತ್ತು, ವಿಷವನ್ನೂ ಇಡಲಾಗುತ್ತಿತ್ತು. ಅರ್ಧ ನೋಟದಿಂದ ಹುಟ್ಟಿದ ಈ ತೀರ್ಮಾನಕ್ಕೆ ಎಷ್ಟೋ ಹಿಂಡುಗಳು ಬಲಿಯಾದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆಯೇ ಇದಕ್ಕೆ ಕಾನೂನಿನ ಆಸರೆ ದೊರೆತದ್ದು.

ತಿರುವು ಬಂದದ್ದು ಬಂಡೀಪುರದಲ್ಲಿ. ಶಿವಕಾಶಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಎ. ಜೆ. ಟಿ. ಜಾನ್‌ಸಿಂಗ್ 1976ರಿಂದ 1978ರವರೆಗೆ ಅಲ್ಲಿ ಬಹುಮಟ್ಟಿಗೆ ಕಾಲ್ನಡಿಗೆಯಲ್ಲೇ ಕೆನ್ನಾಯಿಗಳ ಹಿಂದೆ ಅಲೆದರು. ಸ್ವಚ್ಛಂದವಾಗಿ ಬದುಕುವ ದೊಡ್ಡ ಸ್ತನಿಯೊಂದನ್ನು ಕುರಿತು ಭಾರತೀಯ ವಿಜ್ಞಾನಿ ನಡೆಸಿದ ಮೊದಲ ಕ್ಷೇತ್ರಾಧ್ಯಯನವೆಂದು ಇದನ್ನು ಗುರುತಿಸುತ್ತಾರೆ. ಬೇಟೆಯ ಜಾಗದಷ್ಟೇ ಬಿಲದ ಸುತ್ತಲಿನ ಬದುಕಿಗೂ ಅವರು ಗಮನ ಕೊಟ್ಟರು. ನನ್ನ ಎಣಿಕೆಯಲ್ಲಿ ಈ ಅಧ್ಯಯನದ ದೊಡ್ಡ ಕೊಡುಗೆ ಇದೇ.

ಮರಿ ಹಾಕುವ ಕಾಲ ಹೆಚ್ಚಾಗಿ ನವೆಂಬರಿನಿಂದ ಮಾರ್ಚ್. ಹಿಂಡಿನಲ್ಲಿ ಸಾಮಾನ್ಯವಾಗಿ ಒಂದೇ ಹೆಣ್ಣು ಮರಿ ಹಾಕುತ್ತದೆ. ಮುಳ್ಳುಹಂದಿಯಂಥ ಪ್ರಾಣಿಗಳು ತೋಡಿಬಿಟ್ಟ ಬಿಲವೂ ಅದಕ್ಕೆ ಬಾಣಂತಿ ಮನೆಯಾಗುತ್ತದೆ. ಮೊದಲ ವಾರಗಳಲ್ಲಿ ತಾಯಿ ಬಿಲ ಬಿಟ್ಟು ದೂರ ಹೋಗುವುದಿಲ್ಲ. ಹಿಂಡಿನ ಉಳಿದವು ಬೇಟೆಗೆ ಹೋಗಿ, ಹೊಟ್ಟೆ ತುಂಬ ತಿಂದು ಬಂದು, ಮರಿಗಳ ಮುಂದೆ ಮಾಂಸ ಕಕ್ಕುತ್ತವೆ. ತಾಯಿಗೂ ಹಾಗೆಯೇ ಉಣಿಸುತ್ತವೆ. ಹೀಗೆ ಉಣಿಸುವವುಗಳಲ್ಲಿ ಅಪ್ಪನಷ್ಟೇ ಅಲ್ಲ, ಸ್ವಂತ ಮರಿಗಳಿಲ್ಲದ ಬೆಳೆದ ನಾಯಿಗಳೂ ಇರುತ್ತವೆ. ಹಿಂಡು ಹೊರಟಾಗ ಒಂದೆರಡು ಕಾವಲಿಗೆ ಉಳಿಯುವುದೂ ಉಂಟು. ಸುಮಾರು 70–80 ದಿನಗಳಾದ ಮೇಲೆ ಮರಿಗಳು ಬಿಲ ಬಿಡುತ್ತವೆ. ಆಮೇಲೆ ಬೇಟೆಯ ಬಳಿ ಅವಕ್ಕೇ ಮೊದಲ ಪಂಕ್ತಿ: ಮರಿಗಳು ತಿನ್ನುವವರೆಗೆ ದೊಡ್ಡವು ಪಕ್ಕದಲ್ಲಿ ಕಾಯುತ್ತವೆ. ಸುಮಾರು ಎಂಟು ತಿಂಗಳಿಗೆ ಅವೂ ಕಡವೆಯಂಥ ದೊಡ್ಡ ಬೇಟೆಯಲ್ಲಿ ಕೈಗೂಡಿಸುತ್ತವೆ. ಜಾನ್‌ಸಿಂಗರ ಬರಹಗಳು 1982–83ರಲ್ಲಿ ಪ್ರಕಟವಾದವು. ಅವರೊಂದಿಗೆ ಕೆಲಸ ಮಾಡಿದ ಮೈಕೆಲ್ ಫಾಕ್ಸ್ 1984ರಲ್ಲಿ ಹೊರತಂದ ಪುಸ್ತಕ, ಹಿಂಡು ಚದುರಿದಾಗ ಒಂದನ್ನೊಂದು ಕರೆಯುವ ಸಿಳ್ಳೆಯಿಂದಲೇ ಹೆಸರು ಪಡೆಯಿತು.

ಬೆಳೆದ ನಾಯಿಗಳು ತಮ್ಮದಲ್ಲದ ಮರಿಗಳಿಗೆ ಏಕೆ ಉಣಿಸಬೇಕು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಆರತಿ ವೆಂಕಟರಾಮನ್ ಮುದುಮಲೆ–ಬಂಡೀಪುರ ಭಾಗದ ಹಿಂಡುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಈ ಪ್ರಶ್ನೆಯ ಉತ್ತರಕ್ಕೆ ದಾರಿ ತೆರೆದರು. ಹಿಂಡಿನ ಬೆಳೆದ ನಾಯಿಗಳಲ್ಲಿ ಗಂಡುಗಳೇ ಹೆಚ್ಚು ಎಂದು 1998ರಲ್ಲಿ ಪ್ರಕಟವಾದ ಅವರ ಲೇಖನ ತೋರಿಸಿತು. ಹುಟ್ಟಿದ ಹಿಂಡಿನಲ್ಲೇ ಉಳಿದ ಗಂಡು ಸಾಕುವುದು ಬಹುಮಟ್ಟಿಗೆ ತನ್ನ ಒಡಹುಟ್ಟುಗಳನ್ನೇ.

ನಾಗರಹೊಳೆಯಲ್ಲಿ ಕೆ. ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ಮಲದಲ್ಲಿ ಸಿಕ್ಕ ಕೂದಲು, ಮೂಳೆ ಹಾಗೂ ಬೇಟೆಯ ಉಳಿಕೆಗಳಿಂದ ಹುಲಿ, ಚಿರತೆ, ಕೆನ್ನಾಯಿಗಳ ಆಹಾರವನ್ನು ಹೋಲಿಸಿದರು. 1995ರ ಅವರ ಲೇಖನದಂತೆ ಬೇಟೆಯ ಸರಾಸರಿ ತೂಕ ಹುಲಿಗೆ ಸುಮಾರು 91 ಕಿಲೋ, ಕೆನ್ನಾಯಿಗೆ 43, ಚಿರತೆಗೆ 38. ಒಂಟಿಯಾಗಿ ಬೇಟೆಯಾಡುವ, ತನಗಿಂತ ಬಹಳ ಭಾರದ ಚಿರತೆಗಿಂತ ಕೆನ್ನಾಯಿ ತುಸು ದೊಡ್ಡ ಬೇಟೆಯನ್ನೇ ಹಿಡಿಯಬಲ್ಲದು. ಅದರ ಬಲ ಹಿಂಡಿನದು. ಹಿಂಡಿಗೆ ಆ ಬಲ ಬರುವುದು ಬಿಲದಲ್ಲಿ ಎಷ್ಟು ಮರಿಗಳು ಉಳಿದು ಬೆಳೆದವು ಎಂಬುದರಿಂದ.

ವಿಜ್ಞಾನದ ಪತ್ರಿಕೆಗಳಲ್ಲಿದ್ದ ಈ ಸಂಗತಿಗಳು ಸಾಮಾನ್ಯ ನೋಡುಗರಿಗೆ ತಲುಪಿದ್ದು ವನ್ಯಜೀವಿ ಚಿತ್ರನಿರ್ಮಾಪಕರಾದ ಕೃಪಾಕರ–ಸೇನಾನಿಯವರ ಸಾಕ್ಷ್ಯಚಿತ್ರಗಳಿಂದ. ಬಂಡೀಪುರದ ಸೀಮೆಯಲ್ಲೇ ದೀರ್ಘಕಾಲ ಕಳೆದ ಈ ಜೋಡಿಯ 'ದಿ ಪ್ಯಾಕ್' 2010ರಲ್ಲಿ ವೈಲ್ಡ್‌ಸ್ಕ್ರೀನ್ ಉತ್ಸವದಲ್ಲಿ, ಹಸಿರು ಆಸ್ಕರ್ ಎಂದೇ ಹೆಸರಾದ ಪ್ರಶಸ್ತಿ ಪಡೆಯಿತು. ಹಿಂಡಿನ ಸಂಸಾರವನ್ನು ತಾಳ್ಮೆಯಿಂದ ಹಿಂಬಾಲಿಸಿದ್ದೇ ಈ ಕೆಲಸದ ಹೆಗ್ಗಳಿಕೆ.

ಅಳಿವಿನ ಅಂಚಿನ ಪ್ರಾಣಿಯೆಂದು 2004ರಿಂದ ಜಾಗತಿಕ ಕೆಂಪು ಪಟ್ಟಿಯಲ್ಲಿರುವ ಕೆನ್ನಾಯಿ ಎಲ್ಲೆಲ್ಲಿ ಉಳಿದಿದೆ ಎಂದು ಅರ್ಜುನ್ ಶ್ರೀವತ್ಸ ಮತ್ತು ಸಂಗಡಿಗರು ಕರ್ನಾಟಕದ ಪಶ್ಚಿಮಘಟ್ಟದುದ್ದಕ್ಕೂ ಹುಡುಕಿದರು. 2014ರಲ್ಲಿ ಹೊರಬಂದ ಅವರ ಫಲಿತಾಂಶದಂತೆ, ಜಿಂಕೆ–ಕಡವೆ ಹೆಚ್ಚಿದ್ದಲ್ಲಿ ಹಿಂಡು ಸಿಗುವ ಸಾಧ್ಯತೆ ಹೆಚ್ಚು, ಊರಿನ ದನಕರು ಮೇಯುವ ಕಾಡಿನಲ್ಲಿ ಕಡಿಮೆ.