ಕೇಳದೇ ಉಳಿದ ಒಂದು ಪ್ರಶ್ನೆ

ಮನೆ ಕಟ್ಟಲು ಸಾಲ ಕೇಳಿ ನೋಡಿ. ಬ್ಯಾಂಕಿನವರು ಮೊದಲು ಕೇಳುವುದೇ ಜಾಗದ ಕಾಗದಪತ್ರ. ಅದು ಯಾರ ಹೆಸರಿನಲ್ಲಿದೆ, ಅದರ ಮೇಲೆ ಬೇರೆಯವರ ಹಕ್ಕಿದೆಯಾ ಅಂತ ನೋಡದೆ ಒಂದು ರೂಪಾಯಿಯನ್ನೂ ಬಿಚ್ಚುವುದಿಲ್ಲ. ಇಷ್ಟು ಸರಳ ಸಂಗತಿಯನ್ನು ವಿಶ್ವಬ್ಯಾಂಕ್ ನರ್ಮದೆಯ ದಡದಲ್ಲಿ ಮರೆತಿತ್ತು.

ಗುಜರಾತಿನ ಸರ್ದಾರ್ ಸರೋವರ ಅಣೆಕಟ್ಟು ಮತ್ತು ಕಾಲುವೆಗಳಿಗೆ 45 ಕೋಟಿ ಡಾಲರ್ ಕೊಡಲು ಅದು ಒಪ್ಪಿದ್ದು 1985ರಲ್ಲಿ. ನಿಯಮಗಳೇನೂ ಇರಲಿಲ್ಲ ಎಂದಲ್ಲ. ಯೋಜನೆಯಿಂದ ಮನೆಮಠ ಕಳೆದುಕೊಳ್ಳುವವರ ಪುನರ್ವಸತಿಗೆ ಬ್ಯಾಂಕ್ 1980ರಲ್ಲೇ ನೀತಿ ಮಾಡಿಕೊಂಡಿತ್ತು. ನರ್ಮದಾ ನ್ಯಾಯಮಂಡಳಿಯ 1979ರ ತೀರ್ಪೂ ಇತ್ತು: ಕಾಲು ಭಾಗಕ್ಕಿಂತ ಹೆಚ್ಚು ಜಮೀನು ಮುಳುಗುವ ಕುಟುಂಬಕ್ಕೆ ಕನಿಷ್ಠ 2 ಹೆಕ್ಟೇರ್ ಭೂಮಿ ಕೊಡಬೇಕು. ಆದರೆ ತಲೆಮಾರುಗಳಿಂದ ಕಾಡಂಚಿನಲ್ಲಿ ಉತ್ತು ಬಿತ್ತಿದ ಎಷ್ಟೋ ಆದಿವಾಸಿಗಳ ಬಳಿ ಪಟ್ಟಾ ಎಲ್ಲಿತ್ತು? ಸರ್ಕಾರದ ಲೆಕ್ಕದಲ್ಲಿ ಅವರು ಒತ್ತುವರಿದಾರರು!

1987ರಲ್ಲಿ ಬ್ರಂಟ್‌ಲ್ಯಾಂಡ್ ಆಯೋಗದ ವರದಿ ಬಂತು, 'ಸುಸ್ಥಿರ ಅಭಿವೃದ್ಧಿ' ಎಂಬ ಮಾತು ಜಗತ್ತಿನ ತುಂಬ ಹರಡಿತು. ವಿಚಿತ್ರ ನೋಡಿ, ಅದೇ ವರ್ಷ ಈ ಅಣೆಕಟ್ಟಿಗೆ ಪರಿಸರ ಅನುಮತಿಯೂ ಸಿಕ್ಕಿತು. ಮಾಡಬೇಕಿದ್ದ ಅಧ್ಯಯನಗಳು ಮುಗಿದಿರಲಿಲ್ಲ, ಮುಂದೆ ಮಾಡುತ್ತೇವೆ ಎಂಬ ಷರತ್ತಿನ ಮೇಲೆ!

ನರ್ಮದಾ ಬಚಾವೋ ಆಂದೋಲನ ಜೋರಾಯಿತು. ಹೊರದೇಶಗಳಲ್ಲೂ ಪ್ರಶ್ನೆಗಳೆದ್ದವು. ಕೊನೆಗೆ 1991ರಲ್ಲಿ ಬ್ಯಾಂಕ್ ತನ್ನದೇ ಯೋಜನೆಯ ಪರಿಶೀಲನೆಗೆ ಹೊರಗಿನವರ ತಂಡವನ್ನು ನೇಮಿಸಿತು. ಬ್ರಾಡ್‌ಫೋರ್ಡ್ ಮೋರ್ಸ್ ಅದರ ಮುಖ್ಯಸ್ಥ, ಕೆನಡಾದ ಥಾಮಸ್ ಬರ್ಜರ್ ಉಪಮುಖ್ಯಸ್ಥ. ಹಳ್ಳಿಹಳ್ಳಿ ಸುತ್ತಿ 1992ರ ಜೂನ್‌ನಲ್ಲಿ ಕೊಟ್ಟ ವರದಿಯ ಸಾರ ಇಷ್ಟು: ಈಗಿರುವ ಸ್ಥಿತಿಯಲ್ಲಿ ಎಲ್ಲರಿಗೂ ಸರಿಯಾದ ಪುನರ್ವಸತಿ ಅಸಾಧ್ಯ, ಪರಿಸರದ ಪರಿಣಾಮವನ್ನು ಸರಿಯಾಗಿ ನೋಡಿಯೇ ಇಲ್ಲ, ಬ್ಯಾಂಕ್ ಒಂದು ಹೆಜ್ಜೆ ಹಿಂದೆ ಸರಿಯುವುದು ಒಳ್ಳೆಯದು. ಕಾಲುವೆಗೆ ಜಮೀನು ಹೋದವರನ್ನು ಸಂತ್ರಸ್ತರೆಂದೇ ಎಣಿಸಿಲ್ಲ ಅಂತಲೂ ಅದು ಹೇಳಿತು.

ಬ್ಯಾಂಕ್ ತಕ್ಷಣ ಹಿಂದೆ ಸರಿಯಲಿಲ್ಲ. ಷರತ್ತು ಹಾಕಿತು, ಗಡುವು ಕೊಟ್ಟಿತು. 1993ರ ಮಾರ್ಚ್‌ನಲ್ಲಿ ಭಾರತವೇ 'ಉಳಿದ ಸಾಲ ಬೇಡ' ಎಂದಿತು. ಅದೇ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಒಂದು ತಪಾಸಣಾ ಮಂಡಳಿಯನ್ನು ಸ್ಥಾಪಿಸಿತು. ಯೋಜನೆಯಿಂದ ನೊಂದವರು ಇನ್ನು ನೇರವಾಗಿ ದೂರು ಕೊಡಬಹುದಿತ್ತು. ಮೊದಲ ದೂರು ಬಂದದ್ದು ನೇಪಾಳದ ಅರುಣ್-3 ಜಲವಿದ್ಯುತ್ ಯೋಜನೆಯ ಬಗ್ಗೆ. 1995ರಲ್ಲಿ ಬ್ಯಾಂಕ್ ಅದರಿಂದ ಕೈ ತೆಗೆಯಿತು.

ನರ್ಮದೆಯವರ ಕೂಗಿನಿಂದ ತೆರೆದ ಬಾಗಿಲು ನರ್ಮದೆಯವರಿಗೇ ದಕ್ಕಲಿಲ್ಲ. ಸಾಲವೇ ಇಲ್ಲದ ಮೇಲೆ ದೂರು ಯಾರಿಗೆ? ಅಣೆಕಟ್ಟಿನ ಕೆಲಸ ನಡೆಯಿತು. ಸುಪ್ರೀಂ ಕೋರ್ಟ್ 2000ದಲ್ಲಿ ಎತ್ತರಿಸಲು ಒಪ್ಪಿತು. 2017ರಲ್ಲಿ 138.68 ಮೀಟರ್ ಎತ್ತರದಲ್ಲಿ ಲೋಕಾರ್ಪಣೆಯಾಯಿತು.

ನಾನು ಅಣೆಕಟ್ಟುಗಳ ವೈರಿ ಅಲ್ಲ. ಆ ನೀರು ಕಚ್, ಸೌರಾಷ್ಟ್ರದ ಬಾಯಾರಿದ ಊರುಗಳಿಗೆ ತಲುಪಿದೆ. ಅದೂ ಮನುಷ್ಯರ ಒಳಿತೇ. ಆದರೆ ಒಂದು ಕಡೆಯ ದಾಹ ತಣಿಸುವಾಗ ಇನ್ನೊಂದು ಕಡೆಯವರನ್ನು ಎಣಿಸುವುದಕ್ಕೂ ಪುರುಸೊತ್ತು ಇಲ್ಲದಿದ್ದರೆ, ಅದನ್ನು ಅರ್ಧ ಲೆಕ್ಕ ಅನ್ನದೆ ಏನನ್ನಲಿ? 2015ರಲ್ಲಿ ವಿಶ್ವಸಂಸ್ಥೆ ಸುಸ್ಥಿರ ಅಭಿವೃದ್ಧಿಯ 17 ಗುರಿಗಳನ್ನು ಒಪ್ಪಿಕೊಂಡಿತು. ಸಂತೋಷ. ಆದರೆ 'ಇಲ್ಲಿ ಈಗ ಯಾರಿದ್ದಾರೆ?' ಎಂಬ ಪ್ರಶ್ನೆಯನ್ನು ಅಡಿಗಲ್ಲು ಹಾಕುವ ಮೊದಲೇ ಕೇಳಬೇಕು. ನೀರು ಬಂದ ಮೇಲೆ ಕೇಳಿದರೆ ಉತ್ತರ ಕೊಡಲು ಅಲ್ಲಿ ಯಾರೂ ಇರುವುದಿಲ್ಲ.

ನೀವೇನಂತೀರಿ?