ಬೈಟ್ ಉಳಿಸಿದ ಕಾಲ, ಬಿಡಿಸಿ ಓದುವ ಕಾಲ

ಹಳಗನ್ನಡ ಪದ್ಯ ಓದುವವರು ಮೊದಲು ಮಾಡುವ ಕೆಲಸ ಪದಚ್ಛೇದ. ಕೂಡಿಕೊಂಡ ಪದಗಳನ್ನು ತಪ್ಪು ಜಾಗದಲ್ಲಿ ಬಿಡಿಸಿದರೆ ಅರ್ಥ ಹೋಗಿ ಅನರ್ಥವಾಗುತ್ತದೆ. ಕಂಪ್ಯೂಟರಿನ ಚರಿತ್ರೆಯಲ್ಲೂ ಪದಚ್ಛೇದ ಬೇಡುವ ಬರಹಗಳಿವೆ. 1970 ಮತ್ತು 80ರ ದಶಕಗಳಲ್ಲಿ ಬೇಸಿಕ್ ಭಾಷೆಯಲ್ಲಿ ಬರೆದ ಪ್ರೋಗ್ರಾಂಗಳೇ ಅವು.

ವಿಚಿತ್ರವೆಂದರೆ, ಬೇಸಿಕ್ ಹುಟ್ಟಿದ್ದೇ ಎಲ್ಲರಿಗೂ ಅರ್ಥವಾಗಲೆಂದು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಗಣಿತ ಪ್ರಾಧ್ಯಾಪಕರಾದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಇದರ ಜನಕರು. ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಬಳಸಬೇಕೆಂಬುದು ಅವರ ಆಸೆ. 1964ರ ಮೇ 1ರಂದು ಅಲ್ಲಿ ಮೊದಲ ಬೇಸಿಕ್ ಪ್ರೋಗ್ರಾಂ ಓಡಿತು. ಪ್ರಿಂಟ್, ಇಫ್, ದೆನ್ ಮುಂತಾದ ಸಾಮಾನ್ಯ ಇಂಗ್ಲಿಷ್ ಪದಗಳು, ಪ್ರತಿ ಸಾಲಿಗೊಂದು ಸಂಖ್ಯೆ, ಸಾಲಿಗೊಂದೇ ಆದೇಶ. ಇಷ್ಟೇ ಅದರ ವ್ಯಾಕರಣ.

ಇಂಥ ಸರಳ ಭಾಷೆ ಕಗ್ಗಂಟಾದದ್ದೇಕೆ? ಕಾರಣ, ಮೆಮೊರಿಯ ಬರ. 1975ರಲ್ಲಿ ಬಿಲ್ ಗೇಟ್ಸ್ ಮತ್ತು ಪಾಲ್ ಆಲೆನ್ ಆಲ್ಟೇರ್ ಯಂತ್ರಕ್ಕಾಗಿ ಸಿದ್ಧಪಡಿಸಿದ ಬೇಸಿಕ್ 4 ಕಿಲೋಬೈಟ್ ಮೆಮೊರಿಯಲ್ಲೇ ನಡೆಯಬೇಕಿತ್ತು. 1981ರಲ್ಲಿ ಬ್ರಿಟನ್ನಿನಲ್ಲಿ ಬಂದ ಸಿಂಕ್ಲೇರ್ ಝಡ್‌ಎಕ್ಸ್81ಕ್ಕೆ ಇದ್ದದ್ದು ಬರೀ 1 ಕಿಲೋಬೈಟ್, ಅಂದರೆ 1024 ಬೈಟ್. ಯೂನಿಕೋಡ್ ಕನ್ನಡದಲ್ಲಿ ಸಾಮಾನ್ಯವಾಗಿ ಒಂದೊಂದು ಚಿಹ್ನೆಗೂ 3 ಬೈಟ್ ಬೇಕಾದ್ದರಿಂದ ಈ ಪ್ಯಾರಾ ಕೂಡ ಅದರೊಳಗೆ ಹಿಡಿಯದು! 1982ರ ಕಮೊಡೋರ್ 64ರಲ್ಲಿ 64 ಕಿಲೋಬೈಟ್ ಇದ್ದರೂ ಬೇಸಿಕ್‌ಗೆ ಸಿಗುತ್ತಿದ್ದದ್ದು 38,911 ಬೈಟ್.

ಉಳಿತಾಯದ ಲೆಕ್ಕ

ಪ್ರಿಂಟ್‌ನಂಥ ಪದವನ್ನು ಯಂತ್ರ ಒಂದೇ ಬೈಟಿನ ಸಂಕೇತವಾಗಿ ಇಟ್ಟುಕೊಳ್ಳುತ್ತಿತ್ತು. ಆದ್ದರಿಂದ ಆದೇಶದ ಪದ ಉದ್ದವಾದರೆ ನಷ್ಟವಿರಲಿಲ್ಲ. ಆದರೆ ಪದಗಳ ನಡುವಿನ ಪ್ರತಿಯೊಂದು ಖಾಲಿ ಜಾಗಕ್ಕೂ ಒಂದು ಬೈಟ್ ತೆರಬೇಕಿತ್ತು. ಕಮೊಡೋರಿನಲ್ಲಿ ಹೊಸ ಸಾಲು ತೆರೆದರೆ, ಮುಂದಿನ ಸಾಲಿನ ವಿಳಾಸಕ್ಕೆ 2, ಸಾಲಿನ ಸಂಖ್ಯೆಗೆ 2, ಕೊನೆಯ ಗುರುತಿಗೆ 1, ಒಟ್ಟು 5 ಬೈಟ್ ಖರ್ಚು. ಅದರ ಬದಲು ಹಿಂದಿನ ಸಾಲಿಗೇ ಕೋಲನ್ ಚಿಹ್ನೆ ಹಾಕಿ ಮುಂದುವರಿಸಿದರೆ 1 ಬೈಟ್ ಸಾಕು. ಹೀಗೆ ಜಾಗ ಅಳಿಸಿ, ಸಾಲು ಜೋಡಿಸಿ, ಹೆಸರುಗಳನ್ನು ಒಂದಕ್ಷರಕ್ಕೆ ಇಳಿಸಿ, ವಿವರಣೆಗೆಂದಿದ್ದ 'ರೆಮ್' ಸಾಲುಗಳನ್ನು ತೆಗೆದುಹಾಕುತ್ತಿದ್ದರು. ಪತ್ರಿಕೆಗಳಲ್ಲಿ ಅಚ್ಚಾದ ಇಂಥ ಪ್ರೋಗ್ರಾಂಗಳನ್ನು ಓದುಗರು ಮನೆಯಲ್ಲಿ ಕೂತು ಅಕ್ಷರಕ್ಷರ ಟೈಪ್ ಮಾಡುತ್ತಿದ್ದರು.

ಬಿಡಿಸುವಾಗಿನ ಅಪಾಯ

ಇವನ್ನು ಮತ್ತೆ ಓದುವಂತೆ ಮಾಡುವುದು ಮೇಲ್ನೋಟಕ್ಕೆ ಸುಲಭ: ಪದಗಳ ನಡುವೆ ಜಾಗ ಬಿಡುವುದು, ಕೋಲನ್ ಬಂದಲ್ಲಿ ಸಾಲು ಮುರಿಯುವುದು. ಆದರೆ ಎಡವುವುದು ಇಲ್ಲಿಯೇ. ಕಮೊಡೋರಿನಲ್ಲಿ 'ಇಫ್' ಷರತ್ತು ಸುಳ್ಳಾದರೆ ಆ ಸಾಲಿನಲ್ಲಿ ಉಳಿದದ್ದನ್ನೆಲ್ಲ ಯಂತ್ರ ಬಿಟ್ಟುಬಿಡುತ್ತದೆ. ಕೋಲನ್ ಕಂಡಲ್ಲೆಲ್ಲ ಮುರಿದು ಬೇರೆ ಸಾಲು ಮಾಡಿದರೆ, ಷರತ್ತಿಗೆ ಒಳಪಟ್ಟಿದ್ದ ಆದೇಶ ಪ್ರತಿ ಸಲವೂ ನಡೆದುಬಿಡುತ್ತದೆ. ಆಟದಲ್ಲಿ ಗುಂಡು ತಗುಲಿದಾಗ ಮಾತ್ರ ಬರಬೇಕಾದ ಅಂಕ, ತಗುಲದಿದ್ದರೂ ಬರುತ್ತದೆ.

ರೆಮ್ ಸಾಲೂ ನಂಬಿಕೆಗೆ ಅರ್ಹವಲ್ಲ. ಅದು ಯಂತ್ರ ಓದದೆ ದಾಟುವ ಸಾಲು. ಇದನ್ನೇ ಉಪಯೋಗಿಸಿಕೊಂಡು ಝಡ್‌ಎಕ್ಸ್81ರ ಬಳಕೆದಾರರು ಮೊದಲ ರೆಮ್ ಸಾಲಿನೊಳಗೆ ಯಂತ್ರಭಾಷೆಯನ್ನೇ ಅಡಗಿಸುತ್ತಿದ್ದರು. ಅದರ ವಿಳಾಸ 16514. ಕಸವೆಂದು ಅದನ್ನು ಅಳಿಸಿದರೆ ಪ್ರೋಗ್ರಾಂನ ಜೀವವೇ ಹೋದಂತೆ.

ಭಾರತದಲ್ಲಿ 1984-85ರಲ್ಲಿ ಆರಂಭವಾದ 'ಕ್ಲಾಸ್' ಯೋಜನೆಯಲ್ಲಿ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಈ ಸಮಸ್ಯೆಗೆ ಒಂದು ಜಾಣ ಪರಿಹಾರ ಹೊಂದಿತ್ತು. ಅದರ 'ಲಿಸ್ಟೋ' ಎಂಬ ಆದೇಶ ಕೊಟ್ಟರೆ, ಪ್ರೋಗ್ರಾಂ ತೋರಿಸುವಾಗ ಮಾತ್ರ ಆವರ್ತನೆಯ ಸಾಲುಗಳು ಒಳಸರಿದು ಕಾಣುತ್ತಿದ್ದವು. ಮೆಮೊರಿಯಲ್ಲಿ ಒಂದು ಬೈಟೂ ಹೆಚ್ಚು ಖರ್ಚಾಗುತ್ತಿರಲಿಲ್ಲ.

ಮರಳಿ ಬಾರದ್ದು

ಜಾಗ, ಸಾಲುಗಳನ್ನು ಮರಳಿ ತರಬಹುದು. ಅಳಿಸಿಹೋದ ವಿವರಣೆಯನ್ನು ತರಲಾಗದು. ಡೇವಿಡ್ ಆಲ್ 1978ರಲ್ಲಿ ಹೊರತಂದ ಬೇಸಿಕ್ ಆಟಗಳ ಪುಸ್ತಕದಲ್ಲಿರುವ 'ಸೂಪರ್ ಸ್ಟಾರ್ ಟ್ರೆಕ್' ಆಟದಲ್ಲಿ ಕೆ9 ಎಂದರೆ ಉಳಿದ ಶತ್ರು ನೌಕೆಗಳ ಸಂಖ್ಯೆ, ಬಿ9 ಎಂದರೆ ನೆಲೆಗಳ ಸಂಖ್ಯೆ. ಬರೀ ಹೆಸರು ನೋಡಿ ಇದನ್ನು ಹೇಳಲಾದೀತೇ? ಪ್ರೋಗ್ರಾಂ ಓಡಿಸಿ, ಯಾವ ಸಂಖ್ಯೆ ಯಾವಾಗ ಬದಲಾಗುತ್ತದೆಂದು ಗಮನಿಸಿ ಊಹಿಸಬೇಕು. ಈ ಊಹೆ ಸಂಪಾದಕನದು, ಕರ್ತೃವಿನದಲ್ಲ. ಆದ್ದರಿಂದ ಬಿಡಿಸಿದ ಪ್ರತಿಯ ಪಕ್ಕದಲ್ಲಿ ಮೂಲವೂ ಇರಬೇಕು. ಶಾಸನದ ಪಾಠದ ಜತೆ ಅದರ ಪಡಿಯಚ್ಚನ್ನೂ ಕಾಪಾಡುವ ಹಾಗೆ.

ಇಷ್ಟು ಶ್ರಮ ಬೇಕೇ ಎನ್ನುವವರಿಗೊಂದು ಉತ್ತರವಿದೆ. ಕಮೊಡೋರ್ 64ರ ಪರದೆಯ ತುಂಬ ಜಟಿಲ ಚಕ್ರವ್ಯೂಹ ಬಿಡಿಸುವ ಒಂದೇ ಸಾಲಿನ ಬೇಸಿಕ್ ಪ್ರೋಗ್ರಾಂ ಕುರಿತು 2012ರಲ್ಲಿ ಎಂಐಟಿ ಪ್ರೆಸ್ ಇಡೀ ಪುಸ್ತಕವನ್ನೇ ಪ್ರಕಟಿಸಿತು. ಅದನ್ನು ಬರೆದವರು ಹತ್ತು ಮಂದಿ. ಜಾಗವಿಲ್ಲದೆ ಮುದುಡಿಕೊಂಡ ಸಾಲುಗಳಲ್ಲಿ ಹೇಳಬೇಕಾದ ಕಥೆ ಅಷ್ಟಿತ್ತು.