ಅಂಕೋರಿಗೆ ಮೊದಲು ಬಂದವರು

ಕಾಂಬೋಡಿಯದ ಸಿಯೆಮ್ ರೀಪ್‌ಗೆ ಹೋದವರ ದಿನಚರಿ ಹೆಚ್ಚುಕಡಿಮೆ ಒಂದೇ. ಬೆಳಕು ಹರಿಯುವ ಮುಂಚೆ ಟುಕ್‌ಟುಕ್ ಹತ್ತಿ ಅಂಕೋರ್ ವಾಟ್‌ನ ಕೊಳದ ದಂಡೆಗೆ, ಆಮೇಲೆ ಬಯೋನ್, ತಾ ಪ್ರೋಮ್ ಗುಡಿಗಳು, ಸಂಜೆ ಫ್ನೋಮ್ ಬಖೆಂಗ್ ಗುಡ್ಡ. ಸೈಕಲ್ ತುಳಿಯುವವರು ಹಿಡಿಯುವುದೂ 17 ಕಿ.ಮೀ. ಉದ್ದದ ‘ಚಿಕ್ಕ ಸುತ್ತು’ ಅಥವಾ 26 ಕಿ.ಮೀ. ಉದ್ದದ ‘ದೊಡ್ಡ ಸುತ್ತು’. ಈ ಸುತ್ತುಗಳನ್ನು ಗೊತ್ತುಮಾಡಿದವರು ಫ್ರೆಂಚರು. ತಮ್ಮ ಆಳ್ವಿಕೆಯ ಕಾಲದಲ್ಲಿ, ಪ್ರವಾಸಿಗಳಿಗೆಂದೇ.

ಅಷ್ಟಕ್ಕೂ ಅಲ್ಲಿಗೆ ಮೊದಲು ಬಂದವರು ಪ್ರವಾಸಿಗಳಲ್ಲ, ಯಾತ್ರಿಕರು. ಖ್ಮೇರ್ ದೊರೆ ಎರಡನೇ ಸೂರ್ಯವರ್ಮ 12ನೇ ಶತಮಾನದಲ್ಲಿ ವಿಷ್ಣುವಿಗೆ ಕಟ್ಟಿಸಿದ ಅಂಕೋರ್ ವಾಟ್ ಗುಡಿ ಕ್ರಮೇಣ ಬೌದ್ಧರ ಕ್ಷೇತ್ರವಾಯಿತು. ಮುಂದೆ ರಾಜಧಾನಿ ದಕ್ಷಿಣಕ್ಕೆ ಸರಿದರೂ ಭಿಕ್ಷುಗಳು ಇಲ್ಲಿಯೇ ಉಳಿದರು. 1632ರಲ್ಲಿ ಉಕೊಂದಾಯು ಕಜುಫುಸ ಎಂಬ ಜಪಾನಿ ಕಡಲು ದಾಟಿ ಬಂದ. ಇದು ಬುದ್ಧ ನೆಲೆಸಿದ್ದ ಜೇತವನವೇ ಎಂದು ನಂಬಿ ನಾಲ್ಕು ಬುದ್ಧ ವಿಗ್ರಹಗಳನ್ನು ಅರ್ಪಿಸಿದ. ಹೆತ್ತವರಿಗೆ ಪುಣ್ಯ ಸಿಗಲೆಂಬ ಹರಕೆಯನ್ನು ಒಳಾಂಗಣದ ಕಂಬದ ಮೇಲೆ ಮಸಿಯಲ್ಲಿ ಬರೆದಿಟ್ಟ. ಜೇತವನ ಇರುವುದು ನಮ್ಮ ಶ್ರಾವಸ್ತಿಯಲ್ಲಿ. ಆದರೆ ಅಷ್ಟು ದೂರದಿಂದ ಬಂದವನ ಭಕ್ತಿಗೆ ಅದರಿಂದ ಯಾವ ಕುಂದೂ ಇಲ್ಲ.

ಹೀಗಿದ್ದೂ 1860ರಲ್ಲಿ ಬಂದ ಫ್ರೆಂಚ್ ಅನ್ವೇಷಕ ಆನ್ರಿ ಮೂಓ ಕಾಡಿನಲ್ಲಿ ಕಳೆದುಹೋಗಿದ್ದ ನಗರವನ್ನು ಪತ್ತೆಹಚ್ಚಿದ ಎಂಬ ಮಾತು ಇನ್ನೂ ಸತ್ತಿಲ್ಲ. ಗುಡಿಯೆದುರು ಭಿಕ್ಷುಗಳ ಗುಡಿಸಲುಗಳೇ ಇದ್ದಾಗ ಅದು ಕಳೆದುಹೋದದ್ದಾದರೂ ಯಾರ ಪಾಲಿಗೆ? 1901ರಲ್ಲಿ ಫ್ರೆಂಚ್ ಲೇಖಕ ಪಿಯೆರ್ ಲೋತಿ ದೋಣಿಯಲ್ಲಿ, ಆಮೇಲೆ ಎತ್ತಿನ ಗಾಡಿಯಲ್ಲಿ ಬಂದು ತಂಗಿದ್ದು ಯಾತ್ರಿಕರ ಛತ್ರದಲ್ಲಿ.

1907ರಲ್ಲಿ ಸಯಾಮ್ (ಇಂದಿನ ಥಾಯ್ಲೆಂಡ್) ಈ ಪ್ರಾಂತ್ಯವನ್ನು ಫ್ರೆಂಚರಿಗೆ ಬಿಟ್ಟುಕೊಟ್ಟ ಮೇಲೆ ಎಲ್ಲವೂ ಬದಲಾಯಿತು. ಮೊದಲ ಸಂರಕ್ಷಣಾಧಿಕಾರಿ ಝಾನ್ ಕೊಮಾಯ್ ಗಿಡಗಂಟಿ ಕಡಿಸಿ, ಮಣ್ಣು ತೆಗೆಸಿ, ಪ್ರವಾಸಿಗಳಿಗೆ ಕೈಪಿಡಿಯನ್ನೂ ಬರೆದ. 1916ರಲ್ಲಿ ಕೂಲಿಯಾಳುಗಳ ಸಂಬಳದ ಹಣ ತರುತ್ತಿದ್ದಾಗ ದರೋಡೆಕೋರರು ಅವನನ್ನು ಕೊಂದರು. ಸಮಾಧಿ ಬಯೋನ್ ಬಳಿಯಲ್ಲೇ ಇದೆ. ಭಿಕ್ಷುಗಳ ಗುಡಿಸಲುಗಳನ್ನು ಗುಡಿಯ ಮುಂದಿನಿಂದ ತೆರವು ಮಾಡಲಾಯಿತು. ಪಂಜಿನ ಬೆಳಕಿನಲ್ಲಿ ನರ್ತಕಿಯರು ಅತಿಥಿಗಳೆದುರು ಕುಣಿದರು. ತಾ ಪ್ರೋಮ್‌ನಲ್ಲಿ ಮಾತ್ರ ಗೋಡೆ ತಬ್ಬಿದ ಮರಗಳನ್ನು ಬೇಕೆಂದೇ ಉಳಿಸಿಕೊಂಡರು. ಇಂದು ಎಲ್ಲರೂ ಮೆಚ್ಚುವ ಆ ಕಾಡಿನ ನೋಟ ಒಂದು ಆಯ್ಕೆಯ ಫಲ.

ಮುಂದೆ ಕಾಂಬೋಡಿಯದ ಅಂತರ್ಯುದ್ಧದ ವರ್ಷಗಳಲ್ಲಿ ಪ್ರವಾಸಿಗಳು ಮಾಯವಾದರು. 1986ರಿಂದ 1993ರವರೆಗೆ, ಬೇರೆಯವರು ಬರಲು ಹಿಂಜರಿಯುತ್ತಿದ್ದಾಗ, ಅಂಕೋರ್ ವಾಟ್‌ನ ದುರಸ್ತಿಗೆ ನಿಂತದ್ದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ. ಕಲ್ಲು ತೊಳೆದ ರೀತಿಗೆ ಟೀಕೆ ಬಂತು, ನಿಜ. ಆ ದಿನಗಳಲ್ಲಿ ಅಲ್ಲಿಗೆ ಹೋಗಿ ದುಡಿದದ್ದನ್ನೂ ನೆನೆಯಬೇಕು.

ಕೊಳದತ್ತ ಓಡುವವರು ಪಶ್ಚಿಮ ಗೋಪುರದೊಳಗೆ ಬಲಕ್ಕೊಮ್ಮೆ ತಿರುಗಿದರೆ ಎಂಟು ಕೈಗಳುಳ್ಳ, ಎತ್ತರವಾದ ವಿಷ್ಣು ಕಾಣುತ್ತಾನೆ. ಊರವರು ಅವನನ್ನು ‘ತಾ ರೀಚ್’ ಎಂದು ಕರೆದು, ಕೇಸರಿ ವಸ್ತ್ರ ಹೊದಿಸಿ, ಊದುಬತ್ತಿ ಹಚ್ಚುತ್ತಾರೆ. ನಮ್ಮ ಕರಾವಳಿಯಲ್ಲಿ ಬಿಸು ಹಬ್ಬ ನಡೆಯುವ ಏಪ್ರಿಲ್ ನಡುವಿನಲ್ಲೇ ಖ್ಮೇರರ ಹೊಸ ವರ್ಷ. ಆಗ ದೇಶದ ಮೂಲೆಮೂಲೆಯಿಂದ ಕುಟುಂಬಗಳು ಇಲ್ಲಿಗೆ ಬರುತ್ತವೆ. ಅವರಿಗೆ ಟಿಕೆಟ್ ಇಲ್ಲ.